ಹನ್ನೊಂದು ವರ್ಷದ ಹೆಪ್ಪು

ಅಲ್ಲ ಸ್ವಾಮಿ, ಹೆಪ್ಪು ಚೆಲ್ಲಿದ ಮಾತ್ರಕ್ಕೆ ಅಕ್ಕ ಮಾಡಿದ್ದು ಸರಿ ಅಂತ ಆಗಲ್ಲ. ಹಾಗಂತ ಯಾರು ಹೇಳಿದ್ರು? ದೇವಾಜಮ್ಮ ಮಾಡಿದ್ದು ತಪ್ಪು. ಅವತ್ತೂ ತಪ್ಪು, ಇವತ್ತೂ ತಪ್ಪು, ನಾಳೆ ಕಾಶಿಗೆ ಹೋಗಿ ಮೂರು ಸಲ ಮುಳುಗಿ ಎದ್ರೂ ತಪ್ಪೇ. ನೀವು ಬಾಯಿಬಿಟ್ಟು ಕೇಳಲಿಲ್ಲ, ಮುಖ ನೋಡಿದ್ರೆ ಗೊತ್ತಾಗತ್ತೆ. ಅದಕ್ಕೇ ಮೊದಲೇ ಹೇಳಿಬಿಟ್ಟೆ. ಈಗ ಕಥೆ ಕೇಳಿ.

ಪುಟ್ಟತಾಯಿ ಅಂತ ಒಬ್ಬಳು. ದೇವಾಜಮ್ಮ ಅವಳ ಅಕ್ಕ. ಇವರ ಅವ್ವ ತೀರಿಕೊಂಡು ಹನ್ನೊಂದನೇ ದಿನ, ತಿಥಿ ಊಟಕ್ಕೆ ನಲವತ್ತು ಜನ ಎಲೆ ಮುಂದೆ ಕೂತಿದ್ರು. ಅವ್ವನ ಕಾಸಿನ ಸರ ಕಾಣಿಸ್ತಿಲ್ಲ. ದೇವಾಜಮ್ಮ ಸೌಟು ಹಿಡ್ಕೊಂಡೇ ಕೂಗಿದ್ಲು, "ಸರ ಇವಳ ರವಿಕೆ ಒಳಗೇ ಇರೋದು. ಬಿಚ್ಚಿಸಿ ನೋಡಿ!"

ನೋಡಿದ್ರು. ನಾಲ್ಕು ಹೆಂಗಸರು ಪುಟ್ಟತಾಯಿನ ಅಡುಗೆಮನೆಗೆ ಎಳ್ಕೊಂಡು ಹೋಗಿ, ಬಿಚ್ಚಿಸಿ, ತಡಕಿ ನೋಡಿದ್ರು. ಏನೂ ಸಿಗಲಿಲ್ಲ. ಹೊರಗೆ ಯಾರೋ ಇನ್ನೊಂದು ಸ್ವಲ್ಪ ಸಾರು ಕೇಳಿದ್ರು.

ಪುಟ್ಟತಾಯಿ ಅವತ್ತೇ ತನ್ನ ಮನೆಗೆ ಹೊರಟ್ಲು. ಆ ಮನೆಯಿಂದ ತಂದಿದ್ದು ಒಂದೇ, ಅವ್ವನ ಮೊಸರಿನ ಗಡಿಗೆ. ಎರಡು ದಿನ ಆದ್ಮೇಲೆ ಸರ ಅವ್ವನ ಮನೆ ರಾಗಿ ಡಬ್ಬದಲ್ಲೇ ಸಿಕ್ಕಿತು. ದೇವಾಜಮ್ಮ ಅದನ್ನ ತೊಳೆದು ಕೊರಳಿಗೆ ಹಾಕ್ಕೊಂಡ್ಲು. ತಪ್ಪಾಯ್ತು ಅನ್ನೋಕೆ ಮೂರೇ ಅಕ್ಷರ. ಅದು ಮಾತ್ರ ಬಾಯಿಗೆ ಬರಲಿಲ್ಲ.

ಮೊಸರಿನ ವಿಷಯ ಗೊತ್ತಲ್ಲ? ನಿನ್ನೆಯ ಮೊಸರು ಒಂದು ಚಮಚ ಇವತ್ತಿನ ಹಾಲಿಗೆ. ಇವತ್ತಿಂದು ನಾಳೆಗೆ. ಒಂದೇ ಹೆಪ್ಪು ವರ್ಷಗಟ್ಟಲೆ ಓಡತ್ತೆ. "ಅಕ್ಕ ಬಂದು ತಪ್ಪಾಯ್ತು ಅನ್ನೋವರೆಗೂ ಈ ಹೆಪ್ಪು ನಿಲ್ಲಿಸಲ್ಲ," ಅಂತ ಪುಟ್ಟತಾಯಿ ಆಣೆ ಮಾಡಿದ್ಲು. ದಿನಾ ಸಂಜೆ ಬೆಚ್ಚಗಿನ ಹಾಲಿಗೆ ಹೆಪ್ಪು ಬಿಡುವಾಗ, ಎಲ್ಲಿ ಮರೆತುಬಿಡ್ತೀನೋ ಅಂತ, ಗಡಿಗೆ ಮೇಲೆ ಬಗ್ಗಿ ಅಕ್ಕನ ಮಾತನ್ನ ಹೇಳೋಳು. ಅಕ್ಕನ ದನಿಯಲ್ಲೇ.

"ಬಿಚ್ಚಿಸಿ ನೋಡಿ."

ಆಮೇಲೆ ಮುಚ್ಚಳ ಹಾಕೋಳು.

ಹನ್ನೊಂದು ವರ್ಷ. ಜನ ಹಲ್ಲುಜ್ಜೋದನ್ನಾದ್ರೂ ಒಂದಿನ ತಪ್ಪಿಸ್ತಾರೆ, ಇವಳು ಇದನ್ನ ತಪ್ಪಿಸಲಿಲ್ಲ.

ಮೊಸರೇನೋ ಗಟ್ಟಿಯಾಗೇ ಆಗ್ತಿತ್ತು. ಆದ್ರೆ ಬೆಳಿಗ್ಗೆ ಮುಚ್ಚಳ ತೆಗೆದ್ರೆ ಕೆನೆ ಮೇಲೆ ಐದು ಬೆರಳಿನ ಗುರುತು. ಯಾರೋ ಕೈಹಾಕಿ ಏನೋ ತಡಕಿದ ಹಾಗೆ. ಪುಟ್ಟತಾಯಿ ಬೆಕ್ಕು ಅಂದ್ಕೊಂಡ್ಲು. ಬೆಕ್ಕಿಗೆ ಮನುಷ್ಯರ ಬೆರಳು ಎಲ್ಲಿಂದ ಬಂತು, ವಾಪಸ್ ಮುಚ್ಚಳ ಹಾಕೋ ಮರ್ಯಾದೆ ಎಲ್ಲಿಂದ ಬಂತು ಅಂತ ಕೇಳ್ಕೊಳ್ಳಲಿಲ್ಲ.

ಹೀಗಿರುವಾಗ ಮಗಳು ಹೇಮ ಹೆರಿಗೆಗೆ ಬಂದ್ಲು. ಹೆಣ್ಣು ಮಗು ಆಯ್ತು. ಆಸ್ಪತ್ರೆಯಲ್ಲಿ ಚೆನ್ನಾಗಿ ಹಾಲು ಕುಡೀತಿದ್ದ ಮಗು, ಈ ಮನೆ ಹೊಸಿಲು ದಾಟಿದ್ದೇ ಬಾಯಿ ಮುಚ್ಚಿತು. ಅಳೋದೂ ಇಲ್ಲ. ಕಣ್ಣು ಬಿಟ್ಕೊಂಡು ಅಡುಗೆಮನೆ ಬಾಗಿಲನ್ನೇ ನೋಡತ್ತೆ. ಆ ಕಣ್ಣು ನಿಧಾನಕ್ಕೆ ಎಡದಿಂದ ಬಲಕ್ಕೆ ಹೋಗತ್ತೆ, ಬಲದಿಂದ ಎಡಕ್ಕೆ ಬರತ್ತೆ. ಅಲ್ಲಿ ಯಾರೋ ಓಡಾಡ್ತಿರೋ ಹಾಗೆ.

ಹೇಮ ಹಾಲು ಹಿಂಡಿ, ಮೂತಿ ಇರೋ ಪುಟ್ಟ ಒಳಲೆ ಬಟ್ಟಲಲ್ಲಿ ಕುಡಿಸೋಕೆ ನೋಡಿದ್ಲು. ಮಗುವಿನ ತುಟಿ ಮುಟ್ಟೋ ಮೊದಲೇ ಹಾಲು ಮೊಸರಾಗಿತ್ತು. ಒಳಲೆ ಬೋರಲು ಹಾಕಿದ್ರೂ ಬೀಳಲಿಲ್ಲ. ಅದರ ಮೇಲೊಂದು ಬೆರಳಿನ ಗುರುತು.

ಗಾಬರಿಯಾಗಿ ಆಸ್ಪತ್ರೆಗೆ ಓಡಿದ್ರೆ ಅಲ್ಲಿ ಮಗು ಗಟಗಟ ಕುಡೀತು. ಏನೂ ತೊಂದರೆ ಇಲ್ಲ ಅಂದ್ರು ಡಾಕ್ಟರು. ಮನೆಗೆ ಬಂದ್ರೆ ಮತ್ತೆ ಅದೇ. ದಿನಾ ಅಲ್ಲಿಗೆ ಹೊತ್ಕೊಂಡು ಹೋಗಿ ಒಂದಿಷ್ಟು ಕುಡಿಸ್ಕೊಂಡು ಬರೋದೇ ಕೆಲಸ ಆಯ್ತು.

"ನಾಳೆ ನಾನು ಹೊರಡ್ತೀನಮ್ಮ," ಅಂದ್ಲು ಹೇಮ.

"ಹದಿನೆಂಟು ದಿನದ ಬಾಣಂತಿ ಎಲ್ಲಿಗೆ ಹೋಗ್ತೀಯೆ? ಜನ ಏನಂತಾರೆ?"

"ಮಗು ಒಣಗಿಹೋಗ್ತಿದೆ, ನಿಂಗೆ ಜನದ ಚಿಂತೆ. ಈ ಮನೇಲಿ ಏನೋ ಇದೆ. ಮಧ್ಯಾಹ್ನ ಆದ್ರೆ ಸಾಕು, ಅಡುಗೆಮನೆ ಕಡೆಯಿಂದ ತುಂಬಾ ಜನ ಊಟ ಮಾಡೋ ಸದ್ದು ಬರತ್ತೆ. ಯಾರೋ ಸಾರು ಕೇಳ್ತಾರೆ. ನಿಂಗೆ ಕೇಳಿಸಲ್ವಾ?"

ಪುಟ್ಟತಾಯಿಗೆ ಕೇಳಿಸ್ತಿತ್ತು. ಹನ್ನೊಂದು ವರ್ಷದಿಂದ ಕೇಳಿಸ್ತಿತ್ತು. ಎಲ್ಲರ ಮನೇಲೂ ಹಾಗೇ ಇರತ್ತೆ ಅಂದ್ಕೊಂಡಿದ್ಲು.

ಮಗುವಿಗೆ ನೀರು ಹಾಕೋಕೆ ಸಾಕಮ್ಮ ಅನ್ನೋ ಮುದುಕಿ ದಿನಾ ಬರ್ತಿದ್ಲು. ಊರಿನ ಅರ್ಧ ಜನ ಅವಳ ಕಾಲ ಮೇಲೆ ಮಲಗಿ ಎಣ್ಣೆ ತಿಕ್ಕಿಸ್ಕೊಂಡೋರೇ. ಹಾಗಾಗಿ ಯಾರಿಗೂ ಹೆದರೋಳಲ್ಲ. ಮಾರನೇ ದಿನ ಬಂದಾಗ ಹೇಮ ಬ್ಯಾಗಿಗೆ ಬಟ್ಟೆ ತುಂಬ್ತಿದ್ಲು.

"ಹಿತ್ತಲಿಗೆ ತಂದ್ರೆ ಈ ಕೂಸು ಬಾಯಿ ಚಪ್ಪರಿಸ್ತದೆ. ಒಳಕ್ಕೆ ಹೋದ್ರೆ ಬಾಯಿ ಬಿಗಿತದೆ," ಅಂದ್ಲು ಸಾಕಮ್ಮ. "ರೋಗ ಕೂಸಿಗಲ್ಲ ಕಣವ್ವ ಪುಟ್ಟತಾಯಿ. ನಿನ್ ಮನೆಗೆ."

ಅಷ್ಟು ಹೇಳಿ, ಮಗುವಿನ ಕಣ್ಣು ಹೋದ ದಾರಿ ಹಿಡಿದು ಸೀದಾ ಅಡುಗೆಮನೆಗೆ ನುಗ್ಗಿ ಗಡಿಗೆ ಮುಚ್ಚಳ ತೆಗೆದ್ಲು. ಐದು ಬೆರಳಿನ ಗುರುತು.

"ಅದು ನಮ್ಮಕ್ಕನ ಕೈ," ಅಂತ ಪುಟ್ಟತಾಯಿ ಬಾಯಿಂದ ತಾನಾಗೇ ಬಂತು. ಬೆಕ್ಕಲ್ಲ ಅಂತ ಅವಳಿಗೆ ಮೊದಲಿಂದಲೂ ಗೊತ್ತಿತ್ತು ಅನ್ಸತ್ತೆ.

ಸಾಕಮ್ಮ ಪುಟ್ಟತಾಯಿ ಬಲಗೈ ಹಿಡಿದು ಎಳೆದು ಆ ಗುರುತಿನ ಮೇಲೆ ಇಟ್ಲು. ಸರಿಯಾಗಿ ಕೂತಿತು. ಚಿಕ್ಕಂದಿನಲ್ಲಿ ಬಾಗಿಲಿಗೆ ಸಿಕ್ಕಿ ಸೊಟ್ಟಗಾಗಿದ್ದ ಕಿರುಬೆರಳು, ಅದೂ ಸರಿಯಾಗಿ ಕೂತಿತು.

"ನಿಮ್ಮಕ್ಕ ಹುಡುಕಿಸಿದ್ದು ಒಂದೇ ಸಲ ಕಣವ್ವ," ಅಂದ್ಲು ಸಾಕಮ್ಮ. "ಆಮ್ಯಾಕೆ ದಿನಾ ತಡಕ್ತಿರೋಳು ನೀನು. ಸಿಕ್ತಾ ಸರ?"

"ಅವಳು ಬಂದು ತಪ್ಪಾಯ್ತು ಅನ್ನಲಿ. ಬಿಟ್ಬಿಡ್ತೀನಿ."

"ಅನ್ನಲ್ಲ. ಆ ಯಮ್ಮ ಕತ್ತಿಗೆ ಸರ ಹಾಕ್ಕಂಡು ಮದುವೆಮನೆ ಸುತ್ತಾವ್ಳೆ. ಹೋದ ವಾರ ಆರು ಒಬ್ಬಟ್ಟು ತಿಂದ್ಲು, ನಾನೇ ಕಂಡೆ. ಅವಳಿಗೆ ಚೆನ್ನಾಗಿ ಅರಗ್ತದೆ. ನಿನ್ ಮೊಮ್ಮಗಳಿಗೆ ತಾಯಿ ಹಾಲು ಇಳೀತಿಲ್ಲ."

ಪುಟ್ಟತಾಯಿ ಗಡಿಗೆಯನ್ನ ಎದೆಗೆ ಅವುಚಿಕೊಂಡ್ಲು. "ಇದು ಅವ್ವನ ಹೆಪ್ಪು. ಚೆಲ್ಲಿದ್ರೆ ಅವ್ವಂದು ಅಂತ ನಂಗೇನೂ ಉಳಿಯಲ್ಲ."

ಸಾಕಮ್ಮ ಬೆರಳದ್ದಿ ನಾಲಿಗೆಗೆ ಹಚ್ಚಿ, ಥೂ ಅಂತ ಉಗಿದ್ಲು. "ನಿಮ್ಮವ್ವನ ಮೊಸರು ನಾನು ಉಂಡಿದ್ದೀನಿ. ಇದ್ರಲ್ಲಿ ಅವಳಿಲ್ಲ."

ಹೊರಗೆ ಹೇಮ ಬ್ಯಾಗಿನ ಜಿಪ್ ಎಳೆದ ಸದ್ದು ಕೇಳಿಸ್ತು.

ಪುಟ್ಟತಾಯಿ ಗಡಿಗೆ ಹಿಡ್ಕೊಂಡು ಹಿತ್ತಲಿಗೆ ಹೋದ್ಲು. ಗಡಿಗೆಗೆ ನೀರು ಹಾಕಿ, ಕೈಯಲ್ಲೇ ಕಲಸಿ, ಮಜ್ಜಿಗೆ ಮಾಡಿ, ಕರಿಬೇವಿನ ಗಿಡದ ಬುಡಕ್ಕೆ ಬಗ್ಗಿಸಿದ್ಲು. ಅಭ್ಯಾಸಬಲ, ತುಟಿ ತಾನಾಗೇ "ಬಿಚ್ಚಿ..." ಅಂತ ಶುರು ಮಾಡ್ತು. ಅಲ್ಲಿಗೇ ನಿಂತಿತು.

"ಅವ್ವಾ, ನಾನು ತಗೊಂಡಿಲ್ಲ," ಅಂದ್ಲು.

ಅಕ್ಕನ ಮಾತನ್ನ ನಾಲ್ಕು ಸಾವಿರ ಸಲ ಹೇಳಿದ್ದೋಳು ತನ್ನ ಮಾತನ್ನ ಅವತ್ತೇ ಮೊದಲು ಹೇಳಿದ್ದು. ಆಮೇಲೆ ಗಿಡದ ಪಕ್ಕ ಕೂತು ಅತ್ತಳು. ಸಾಕಮ್ಮ ಸಮಾಧಾನ ಮಾಡೋಕೆ ಹೋಗಲಿಲ್ಲ. ಗಡಿಗೆ ತೊಳೆದು, ಹೊಸ ಹಾಲು ಹಾಕಿ, ಎರಡು ಒಣಮೆಣಸಿನಕಾಯಿ ತೊಟ್ಟನ್ನ ಅದರೊಳಗೆ ಬಿಟ್ಟು ಮುಚ್ಚಿಟ್ಲು.

"ಹೆಪ್ಪಿಲ್ದೆ ಇದ್ರಲ್ಲೇ ಮೊಸರಾಯ್ತದೆ. ಮೊದಲೆರಡು ದಿನ ನೀರುನೀರಾಗೇ ಇರ್ತದೆ, ಗಾಬರಿ ಬೀಳಬ್ಯಾಡ," ಅಂದ್ಲು.

ಮಧ್ಯಾಹ್ನ ಆಯ್ತು. ಊಟದ ಸದ್ದು ಬರಲಿಲ್ಲ. ಯಾರೂ ಸಾರು ಕೇಳಲಿಲ್ಲ. ಹೇಮ ಬ್ಯಾಗ್ ಪಕ್ಕದಲ್ಲೇ ಇಟ್ಕೊಂಡು, ಕೊನೇ ಸಲ ನೋಡೋಣ ಅಂತ ಮಗುವನ್ನ ಎದೆಗೆ ಹಾಕ್ಕೊಂಡ್ಲು. ಮಗು ಬಾಯಿ ತೆರೀತು. ಗುಟುಕು, ಇನ್ನೊಂದು ಗುಟುಕು. ಕುಡೀತಾನೇ ಕಣ್ಣನ್ನ ಅಡುಗೆಮನೆ ಬಾಗಿಲ ಕಡೆ ತಿರುಗಿಸ್ತು. ಪುಟ್ಟತಾಯಿನೂ ಆ ಕಡೆ ನೋಡಿದ್ಲು.

ಒಳಗಿಂದ ಒಬ್ಬ ಹೆಂಗಸು ಬಂದ್ಲು. ಅಕ್ಕ ಅಲ್ಲ. ತಿಥಿ ದಿನ ಪುಟ್ಟತಾಯಿ ಉಟ್ಟಿದ್ದ ಹಸಿರು ಸೀರೆ, ಅದೇ ಸೊಟ್ಟ ಕಿರುಬೆರಳು, ಹನ್ನೊಂದು ವರ್ಷ ಕಮ್ಮಿ ವಯಸ್ಸು. ರವಿಕೆಯ ಕೊನೇ ಗುಂಡಿ ಹಾಕ್ಕೊಳ್ತಾ, ಸೆರಗು ಸರಿಮಾಡ್ಕೊಳ್ತಾ, ಇವರೆಲ್ಲರ ಮುಂದೆ ನಡೆದುಹೋದ್ಲು. ಹೊಸಿಲು ದಾಟಿದ್ಲು. ತಿರುಗಿ ನೋಡದೆ, ಮಗು ಬೆಚ್ಚದ ಹಾಗೆ, ಮೆಲ್ಲಗೆ ಬಾಗಿಲು ಮುಚ್ಕೊಂಡ್ಲು.

ನೀತಿ: ನೋಯಿಸಿದವರು ಒಂದು ಸಲ ನೋಯಿಸಿ ಹೋಗ್ತಾರೆ. ಅವರು ಬಂದು ತಪ್ಪೊಪ್ಪಲಿ ಅಂತ ಕಾಯ್ತಾ ಕೂತರೆ ಆ ಗಾಯಕ್ಕೆ ದಿನಾ ಕೈಹಾಕೋರು ನಾವೇ. ಅವರ ತಪ್ಪು ಅವರ ಹತ್ರಾನೇ ಇರಲಿ. ನಿನ್ನೆಯ ಹುಳಿಯನ್ನ ಇವತ್ತಿನ ಹಾಲಿಗೆ ಬಿಡೋದು ನಿಲ್ಲಿಸಿದ ದಿನ ಗಾಯ ಮಾಯೋಕೆ ಶುರುವಾಗತ್ತೆ.