ಅಧ್ಯಕ್ಷರು ಮೋಟಾರು ಎಬ್ಬಿಸಿದ್ದು

ಬಚ್ಚ ಮರಕಾಲನ ದೋಣಿಯಲ್ಲಿ ಆರು ಜನ ಕೂರಬಹುದು. ದೋಣಿ ಲೈಸೆನ್ಸಿಗೆ ಶಿಫಾರಸು ಮಾಡುವ ಸಂಘದ ಅಧ್ಯಕ್ಷರು ತಮ್ಮ ಹಿಂಬಾಲಕರ ದಂಡನ್ನೇ ಹತ್ತಿಸಿ, "ಅಳಿವೆ ದಾಟಿಸಿ ದ್ವೀಪಕ್ಕೆ ಬಿಡು, ಅಲ್ಲಿ ನನಗೆ ಸನ್ಮಾನ ಇದೆ" ಎಂದರು. ದೋಣಿಯ ಅಂಚಿಗೂ ನೀರಿಗೂ ಗೇಣಷ್ಟೂ ಅಂತರ ಉಳಿಯಲಿಲ್ಲ.

"ಒಡೆಯರೇ, ಜನ ಹೆಚ್ಚಾಯ್ತು."

"ನನ್ನವರನ್ನು ಇಳಿಸ್ತೀಯಾ? ನಿನಗೆ ಲೈಸೆನ್ಸ್ ಬೇಕೋ ಬೇಡ್ವೋ?"

ಮುಳುಗುತ್ತದೆ ಎಂದು ಬಿಡಿಸಿ ಹೇಳೋಣವೆಂದರೆ, ದೋಣಿಯೊಳಗೆ ಆ ಮಾತು ಎತ್ತುವುದು ಮೀನುಗಾರ ಮರಕಾಲರಲ್ಲಿ ಮಹಾ ಅಪಶಕುನ. ಬಚ್ಚ ಮೋಟಾರಿನತ್ತ ಬಾಗಿದ. ಮೋಟಾರಿನ ಕೆಂಪು ಕ್ಲಿಪ್ಪನ್ನು ಮೆಲ್ಲಗೆ ಕಿತ್ತು ಲುಂಗಿಯ ಮಡಿಕೆಗೆ ಸೇರಿಸಿದ. ಅದಿಲ್ಲದೆ ಮೋಟಾರು ಸ್ಟಾರ್ಟ್ ಆಗುವುದಿಲ್ಲ.

ಹಗ್ಗ ಎಳೆದ. ಗೊರ್ ಎಂದು ಸುಮ್ಮನಾಯಿತು. ಪೆಟ್ರೋಲ್ ಪೈಪು ಹಿಚುಕಿದ, ಪ್ಲಗ್ಗು ಒರೆಸಿದ, ಮತ್ತೆ ಎಳೆದ. ಊಹೂಂ.

"ಇದು ನನ್ನ ಕೈಗೆ ಬಗ್ಗುವುದಲ್ಲ. ತಾವೇ ಒಮ್ಮೆ ಎಳೀಬೇಕು. ತಮ್ಮ ತೋಳು ಬೀಸೋಕೆ ಜಾಗ ಬೇಕಲ್ಲ, ಉಳಿದವರು ಒಂದು ಗಳಿಗೆ ಇಳೀರಪ್ಪ!"

ಹಿಂಬಾಲಕರು ದಡಕ್ಕಿಳಿದು ಜೈಕಾರ ಕೂಗಿದರು. ಅಧ್ಯಕ್ಷರು ಪಂಚೆ ಎತ್ತಿ ಕಟ್ಟಿದರು. ಬಚ್ಚ ಕ್ಲಿಪ್ಪು ಸಿಕ್ಕಿಸಿದ. ಒಂದೇ ಎಳೆತ! ಮೋಟಾರು ಗುಡುಗಿತು, ದೋಣಿ ಹಾರಿತು.

"ನೋಡಿದ್ಯಾ ಕೈಗುಣ?" ಅಧ್ಯಕ್ಷರು ಹೊಳೆ ಕಡಲು ಸೇರುವ ಅಳಿವೆಯವರೆಗೂ ಮೀಸೆ ತಿರುವುತ್ತಲೇ ಇದ್ದರು. ಅಲ್ಲಿ ಮೊದಲ ತೆರೆ ಮುಖಕ್ಕೆ ರಾಚಿತು. ಮುಂದಿನದು ದೋಣಿಯನ್ನೇ ಎತ್ತಿ ಕುಕ್ಕಿತು. ಅಧ್ಯಕ್ಷರು ಹಲಗೆ ಅಪ್ಪಿಕೊಂಡು, ದಡದಲ್ಲಿ ಕೈಬೀಸುತ್ತಿದ್ದ ದಂಡನ್ನು ತಿರುಗಿ ನೋಡಿದರು.

"ಬಚ್ಚಾ, ಅವರೂ ಇದ್ದಿದ್ದರೆ ನಿನ್ನ ದೋಣಿ ಮುಳು..."

ಬಚ್ಚ ಒದ್ದೆ ಕೈಯಿಂದ ಅವರ ಬಾಯಿ ಮುಚ್ಚಿದ.

"ಆ ಮಾತು ದೋಣಿಯಲ್ಲಿ ಆಡಬಾರದು, ಒಡೆಯರೇ!"