ಕೆಂಪು ದೀಪ ಆರಿಸಿದ ತೋಟಪ್ಪ

ಹೊಸದುರ್ಗದ ಚೆನ್ನಾಜಮ್ಮನಿಗೆ ಒಬ್ಬನೇ ಮಗ, ತೋಟಪ್ಪ. ಒಬ್ಬನೇ ಆಗಿದ್ದು ಒಳ್ಳೇದಾಯ್ತು, ಇಂಥವನು ಇನ್ನೊಬ್ಬ ಇದ್ದಿದ್ರೆ ಆಯಮ್ಮ ಯಾವತ್ತೋ ಮಠ ಸೇರ್ತಿದ್ದಳು. ಹೇಳಿದ ಮಾತು ಮೀರೋನಲ್ಲ ಅವನು. ಅದೇ ಗ್ರಹಚಾರ. ಹಾಲು ಉಕ್ಕುತ್ತಾ ನೋಡೋ ಅಂದ್ರೆ ಪೂರ್ತಿ ಉಕ್ಕಿ ಒಲೆ ಆರೋವರೆಗೂ ನೋಡಿ, "ಉಕ್ತು ಕಣವ್ವ" ಅಂತ ಬಂದು ಹೇಳೋನು.

ಚೆನ್ನಾಜಮ್ಮನ ಎರಡು ಕಣ್ಣಿಗೂ ಪೊರೆ ಬಂದಿತ್ತು. ಗೋಡೆಯೂ ಮಂಜು, ಮಗನ ಮುಖವೂ ಮಂಜು. ಚಿತ್ರದುರ್ಗದ ಕಣ್ಣಾಸ್ಪತ್ರೇಲಿ ಆಪರೇಷನ್ ಮಾಡ್ತೀವಿ ಬನ್ನಿ ಅಂದಿದ್ರು. ಬಸ್ಸಿಗೆ ಹೋಗೋಣ ಅಂದ್ರೆ ಮೆಟ್ಟಿಲೇ ಕಾಣಲ್ಲ. ತೀರಿಹೋದ ಗಂಡ ಬಿಟ್ಟುಹೋದ ಕರೆಂಟು ಕಾರೊಂದಿತ್ತು, ಅದರ ಚಿಕ್ಕ ಬ್ಯಾಟರಿ ಕೈಕೊಟ್ಟಿತ್ತು. ಮೆಕ್ಯಾನಿಕ್ ರಹಮತ್ತು ಬಂದು ಹೊಸದು ಹಾಕಿ ಹೋದ. ಅವನು ಬೀದಿ ತಿರುಗಿದ್ದೇ ತಡ, ಸ್ಟೇರಿಂಗ್ ಮುಂದೆ ಸಾಲಾಗಿ ದೀಪ ಹತ್ಕೊಂಡವು.

"ಅವ್ವ, ಕೆಂಪು, ಹಳದಿ, ಏನೇನೋ ಹತ್ತಿದಾವೆ."

"ಒಂದೂ ಕಾಣದಂಗೆ ಮಾಡೋ ಮಾರಾಯ. ಬೆಳಿಗ್ಗೆ ಹೊರಡಬೇಕು."

ತೋಟಪ್ಪ ದೇವರ ಗೂಡಿಂದ ವಿಭೂತಿ ತಂದ, ನೀರಲ್ಲಿ ಕಲಸಿದ, ಮೂರು ಬೆರಳಲ್ಲಿ ಆ ದೀಪಗಳ ಗಾಜಿಗೆ ಬಳಿದ. "ಒಂದೂ ಕಾಣಲ್ಲ ಕಣವ್ವ" ಅಂದ. ಬೆಳಿಗ್ಗೆ ಚೆನ್ನಾಜಮ್ಮ ಕಾರಲ್ಲಿ ಕೂತು ಕೈಯಾಡಿಸಿದ್ರೆ ಬೆರಳಿಗೆಲ್ಲ ಬೂದಿ.

"ಕಾರಿಗೆ ವಿಭೂತಿ ಹಚ್ಚಿದ್ಯೇನೋ? ನಾನು ಸತ್ತಾಗ ನಂಗೆ ಹಚ್ಚೋಕಾದ್ರೂ ಉಳಿಸಿದ್ಯಾ? ದೀಪ ಮುಚ್ಚಬಾರದು ಕಣಪ್ಪ. ಅದು ಏನು ತೋರಿಸುತ್ತೋ ನೋಡಿ ಅದರಂಗೆ ನಡ್ಕೋಬೇಕು."

"ಆಗ್ಲಿ ಕಣವ್ವ."

ವಿಭೂತಿ ಒರೆಸಿದ. ದೀಪಗಳ ನಡುವೆ ಇದ್ದದ್ದು ಒಂದು ಆಮೆ. ಹೊಸ ಕಾರುಗಳಲ್ಲಿ ಹಂಗೊಂದು ಚಿತ್ರ ಬರುತ್ತಂತೆ, ಶಕ್ತಿ ಸಾಲ್ತಿಲ್ಲ, ಮೆಕ್ಯಾನಿಕ್ಕಿಗೆ ತೋರಿಸಿ ಅಂತ. ತೋಟಪ್ಪನಿಗೆ ಅದೆಲ್ಲ ಎಲ್ಲಿಂದ ಗೊತ್ತಾಗಬೇಕು? ಆಮೆಯಂಗೇ ನಡೆಸಿದ. ಕುರಿಮಂದೆ ಮುಂದೆ ಹೋಯ್ತು. ಕುರಿ ಕಾಯೋ ಅಜ್ಜ ಕಿಟಕೀಲಿ ಬಗ್ಗಿ, "ಯಾಕವ್ವಾ, ಮೈ ಹುಷಾರಿಲ್ವಾ?" ಅಂತ ವಿಚಾರಿಸಿ ಅವನೂ ಮುಂದೆ ಹೋದ. ಇವರು ದುರ್ಗ ಸೇರೋ ಹೊತ್ತಿಗೆ ಡಾಕ್ಟರು ಎದ್ದು ಹೋಗಿದ್ರು.

"ಗುರುವಾರ ಬನ್ನಿ" ಅಂದಳು ನರ್ಸು. "ಪೊರೆ ಬಲಿತುಬಿಟ್ಟಿದೆ ಅಮ್ಮ. ಇನ್ನೂ ತಡ ಮಾಡಿದ್ರೆ ಕಣ್ಣೇ ಹೋಗುತ್ತೆ."

ಕುರುಡಿಯಾಗಿ ಇವನ ಕೈ ಹಿಡ್ಕೊಂಡು ಬದುಕಬೇಕಲ್ಲ ಅನ್ನೋ ಭಯಕ್ಕೆ ಚೆನ್ನಾಜಮ್ಮನಿಗೆ ಕಣ್ಣೀರು ಬಂತು.

"ನೀನಾಗಿ ನೀನು ಏನೂ ಯೋಚನೆ ಮಾಡಬೇಡ ಕಣೋ. ದೀಪದ ವಿಷಯ ತಿಳಿದೋರನ್ನ ಕೇಳು."

"ಆಗ್ಲಿ ಕಣವ್ವ."

ದೀಪದ ವಿಷಯ ಬಸವಣ್ಣನ ಗುಡಿ ಅಯ್ನೋರಿಗಿಂತ ಯಾರಿಗೆ ಗೊತ್ತು? ಊರಿಗೆ ಬಂದವನೇ ತೋಟಪ್ಪ ನೆಟ್ಟಗೆ ಅಲ್ಲಿಗೇ ಹೋದ.

"ಅಯ್ನೋರೇ, ಯಾರೂ ಹಚ್ಚದೇನೇ ನಮ್ಮಲ್ಲಿ ದೀಪ ಹತ್ತಿದೆ. ಏನು ಮಾಡ್ಲಿ?"

ಅಯ್ನೋರಿಗೆ ಮೈ ಜುಮ್ಮಂತು. "ಪುಣ್ಯವಂತರಪ್ಪ ನೀವು. ಆರೋಕೆ ಬಿಡಬೇಡ. ಎಣ್ಣೆ ಹಾಕ್ತಾ ಇರು."

ಹಾಕಿದ. ಹಬ್ಬದ ಹೋಳಿಗೆಗೆ ಅಂತ ಇಟ್ಟಿದ್ದ ಕಡ್ಲೆಕಾಯಿ ಎಣ್ಣೆ ಪೂರ್ತಿ ಸ್ಟೇರಿಂಗ್ ಸಂದಿಗೆ ಸುರಿದ. ಚೆನ್ನಾಜಮ್ಮನಿಗೆ ಕಣ್ಣು ಕಾಣದಿದ್ರೂ ಮೂಗು ಇತ್ತಲ್ಲ. ಅಂಗಳಕ್ಕೆ ಬಂದು ಮೂಸಿದಳು, ಜಗಲಿ ಮೇಲೆ ಕುಕ್ಕರಿಸಿದಳು, ರಹಮತ್ತುಗೆ ಫೋನು ಮಾಡಿಸಿದಳು.

ರಹಮತ್ತು ಬಂದ. ಎಣ್ಣೆ ಒರೆಸಿದ. ಬ್ಯಾಟರಿಯ ಮೈನಸ್ ವೈರು ಬಿಚ್ಚಿದ, ಒಂದು ಟೀ ಕುಡಿಯೋವಷ್ಟು ಹೊತ್ತು ಬಿಟ್ಟು ಮತ್ತೆ ಬಿಗಿದ. ಸ್ಟೇರಿಂಗನ್ನ ಆ ಕೊನೆಗೊಂದ್ಸಲ ಈ ಕೊನೆಗೊಂದ್ಸಲ ತಿರುಗಿಸಿದ, ಬೀದಿ ಸುತ್ತಿ ಬಂದ. ದೀಪ ಎಲ್ಲಾ ಆರಿದ್ವು, ಆಮೆಯೂ ಹೋಯ್ತು.

"ಇಷ್ಟೇ ಕಣೋ ತೋಟಪ್ಪ. ಇನ್ಮೇಲೆ ಕೆಂಪು ದೀಪ ಹತ್ತಿದ್ರೆ ಮೊದಲು ಕರೆಂಟು ತೆಗಿ. ಒಂದು ಟೀ ಕುಡಿ. ಆಮೇಲೆ ಮತ್ತೆ ಕೊಡು."

"ಕೇಳಿಸ್ಕೊಂಡ್ಯಾ?" ಅಂದಳು ಚೆನ್ನಾಜಮ್ಮ. "ಅಯ್ನೋರನ್ನ ಕೇಳಬೇಡ, ಯಾರನ್ನೂ ಕೇಳಬೇಡ. ಅವನು ಹೇಳಿದಂಗೆ ಮಾಡು, ನಿನ್ನ ದಮ್ಮಯ್ಯ."

"ಆಗ್ಲಿ ಕಣವ್ವ."

ಗುರುವಾರ ಒಂದು ದೀಪವೂ ಹತ್ತಲಿಲ್ಲ. ಕಾರು ಬೆಣ್ಣೆ ಜಾರಿದಂಗೆ ಹೋಯ್ತು, ಹೊತ್ತಿಗೆ ಮುಂಚೇನೇ ಆಸ್ಪತ್ರೆ ಸೇರಿದ್ರು. ಇವನು ನನ್ನ ಮಗನೇನಾ ಅಂತ ಚೆನ್ನಾಜಮ್ಮನಿಗೇ ಅನುಮಾನ ಬಂತು. ನರ್ಸು ಹಸಿರು ಅಂಗಿ ತೊಡಿಸಿ ಒಳಗೆ ಕರ್ಕೊಂಡು ಹೋದಳು. ತೋಟಪ್ಪ ಹೊರಗೆ ಬೆಂಚಿನ ಮೇಲೆ ಕೂತ.

ಬಾಗಿಲು ಮುಚ್ಚಿತು. ಬಾಗಿಲ ಮೇಲೆ ಕೆಂಪು ದೀಪ ಹತ್ತಿತು.

ತೋಟಪ್ಪ ಎದ್ದ. ಯಾರನ್ನೂ ಕೇಳಲಿಲ್ಲ. ನಡುಮನೆಯಲ್ಲಿ ನಡೆದಂಗೆ ನಡೆದು ಮೂಲೇಲಿದ್ದ ಮೇನ್ ಸ್ವಿಚ್ಚು ಕೆಳಗೆಳೆದ. ಆಮೇಲೆ ಟೀ ಕುಡಿಯೋಕೆ ಹೊರಟ.

ಒಳಗೆ ಚೆನ್ನಾಜಮ್ಮ ಮಲಗಿದ್ದಳು. ಡಾಕ್ಟರು ಇನ್ನೇನು ಕಣ್ಣಿಗೆ ಕೈ ಹಚ್ಚಬೇಕು, ಗವ್ವನೆ ಕತ್ತಲು. ಏನಾಯ್ತು, ಯಾರದು, ನೋಡ್ರೀ ಅಂತ ಎಲ್ಲರೂ ತಡಕಾಡ್ತಿದ್ರೆ ಬಾಗಿಲಾಚೆಯಿಂದ ಒಂದು ದನಿ ಬಂತು:

"ಅವ್ವ, ಕೆಂಪು ದೀಪ ಹತ್ತಿತ್ತು, ತೆಗೆದಿದೀನಿ. ಟೀ ಕುಡಿದು ಬಂದು ಹಾಕ್ತೀನಿ, ಎಲ್ಲಾ ಸರಿ ಹೋಗುತ್ತೆ."

ಚೆನ್ನಾಜಮ್ಮ ಕತ್ತಲಲ್ಲೇ ಕೈ ಚಾಚಿ ಡಾಕ್ಟರ ತೋಳು ಹಿಡ್ಕೊಂಡಳು.

"ಬಿಟ್ಟುಬಿಡಿ ಡಾಕ್ಟ್ರೇ. ಪೊರೆ ಹಂಗೇ ಇರಲಿ. ಇವನು ನಂಗೆ ಇಷ್ಟು ಕಂಡಿದ್ದೇ ಸಾಕು."