ಎಂಜಿನ್ನಿನಡಿಯ ಚಪ್ಪಲಿ ತುಂಡು

ಮೂರು ಕೈ ದಾಟಿ ಬಂದ ಹಳೇ ಕಾರಿನ ಎಂಜಿನ್ನನ್ನು ಲಾಜರ್ ಮೇಸ್ತ್ರಿ ಬಿಚ್ಚುತ್ತಿದ್ದಾಗ, ಎಂಜಿನ್ನಿಗೂ ಅದು ಕೂರುವ ಕಬ್ಬಿಣದ ಪಟ್ಟಿಗೂ ನಡುವಿನಿಂದ ಹವಾಯಿ ಚಪ್ಪಲಿಯ ತುಂಡೊಂದು ಜಾರಿಬಿತ್ತು. ಪಕ್ಕದಲ್ಲಿದ್ದ ಸ್ಪ್ಯಾನರಿಗೆ ಕುತೂಹಲ ತಡೆಯಲಾಗಲಿಲ್ಲ.

“ಯಾರು ನೀನು? ಯಾವ ಕಂಪನಿ? ಎಷ್ಟನೇ ನಂಬರು?”

“ನಂಬರಿಲ್ಲ ಸ್ವಾಮಿ. ಯಾರೋ ಕೊಯ್ದು ಇಲ್ಲಿಟ್ಟರು, ಕೂತೆ.”

“ಸರಿ, ಇಲ್ಲಿ ನಿನ್ನ ಕೆಲಸವೇನು?”

“ಅದೂ ತಿಳಿಯದು. ಇವರಿಬ್ಬರ ನಡುವೆ ಸುಮ್ಮನೆ ಕೂತಿದ್ದೆ.”

“ಸುಮ್ಮನೆ ಕೂರುವುದೂ ಒಂದು ಕೆಲಸವೇ? ನಡಿ ಆಚೆ!” ಎಂದು ಸ್ಪ್ಯಾನರು ಅದನ್ನು ಚರಂಡಿಗೆ ನೂಕಿತು.

ಸಂಜೆ ಮೇಸ್ತ್ರಿ ಎಲ್ಲ ಬಿಗಿದು ಕಾರು ಚಾಲೂ ಮಾಡಿದ. ಕಬ್ಬಿಣಕ್ಕೆ ಕಬ್ಬಿಣ ಬಡಿದು ಕಾರು ಗಡಗಡ ನಡುಗಿತು. ಮಡ್‌ಗಾರ್ಡಿನ ಮೇಲಿದ್ದ ಸ್ಪ್ಯಾನರು ಎಗರಿ ನೆಲಕ್ಕೆ ಬಿತ್ತು. “ಆ ತುಂಡು ಎಲ್ಲಿ ಹಾಳಾಗಿ ಹೋಯ್ತೋ!” ಎಂದು ಮೇಸ್ತ್ರಿ ಅಲ್ಲೆಲ್ಲ ತಡಕಾಡಿದ. ಕೊನೆಗೆ ತನ್ನದೇ ಎಡಗಾಲಿನ ಚಪ್ಪಲಿ ಕಳಚಿ, ಅದರ ಹಿಂಬದಿ ಕೊಯ್ದು, ಎಂಜಿನ್ ಎತ್ತಿ ಅಡಿಗೆ ತುರುಕಿದ. ನಡುಕ ನಿಂತಿತು.

ಹೊಸ ತುಂಡು ಅತ್ತಿತ್ತ ನೋಡಿ ಕೇಳಿತು: “ಅಣ್ಣಾ, ಇಲ್ಲಿ ನನ್ನ ಕೆಲಸವೇನು?”

“ನೀನು ಎದ್ದು ಹೋದರೆ ಗೊತ್ತಾಗುತ್ತದೆ,” ಎಂದಿತು ಸ್ಪ್ಯಾನರು, ಸೊಂಟ ಹಿಡಿದುಕೊಂಡು. “ದಮ್ಮಯ್ಯ, ಹೋಗಬೇಡ.”